ಹೇರ್‌ಲೈನ್ ಕೆಳಗಿಳಿಸುವ ಮುನ್ನ: ಕೂದಲು ಕಸಿಗೆ ಹೊರಟ ಹುಡುಗರು ಹಾಕಬೇಕಾದ ಲೆಕ್ಕ

ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗರು ಕ್ಲಿನಿಕ್‌ಗೆ ಬಂದು ಮೊಬೈಲ್‌ನಲ್ಲಿ ಪಿಯುಸಿ ಕಾಲದ ಫೋಟೊ ತೋರಿಸಿ ‘ಇಷ್ಟಕ್ಕೇ ತಂದುಕೊಡಿ’ ಎನ್ನುತ್ತಾರೆ. ಹಾಗೆ ತಂದುಕೊಡುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಆದರೆ ಕಸಿ ಮಾಡಿದ ಕೂದಲು ಅಲ್ಲೇ ನಿಲ್ಲುತ್ತದೆ, ಅದರ ಹಿಂದಿನ ಸ್ವಂತ ಕೂದಲು ಮುಂದಿನ ಹತ್ತು–ಹದಿನೈದು ವರ್ಷಗಳಲ್ಲಿ ಉದುರುತ್ತಾ ಹೋಗಬಹುದು. ಆದ್ದರಿಂದ ಹೇರ್‌ಲೈನನ್ನು, ಅಂದರೆ ಹಣೆಯ ಮೇಲೆ ಕೂದಲು ಶುರುವಾಗುವ ಗೆರೆಯನ್ನು, ಇಂದಿನ ಮುಖಕ್ಕಲ್ಲ, ನಲವತ್ತೈದರ ಮುಖಕ್ಕೆ ಎಳೆಯಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅರ್ಧದಷ್ಟು ಜನರಿಗೆ ಎರಡನೇ ಹಂತದಲ್ಲೇ ಉತ್ತರ ಸಿಕ್ಕರೂ ಆಶ್ಚರ್ಯವಿಲ್ಲ.

1. ನಿಜವಾಗಿ ಹಿಂದೆ ಸರಿದಿದೆಯೇ, ಅಳೆಯಿರಿ

ಹುಡುಗನ ಹೇರ್‌ಲೈನ್ ಬೇರೆ, ಬೆಳೆದ ಗಂಡಸಿನ ಹೇರ್‌ಲೈನ್ ಬೇರೆ. ಹದಿನೇಳರಿಂದ ಇಪ್ಪತ್ತೈದು–ಇಪ್ಪತ್ತೆಂಟರ ನಡುವೆ ಬಹುತೇಕ ಗಂಡಸರಲ್ಲಿ ಅದು ಒಂದರಿಂದ ಎರಡು ಸೆಂಟಿಮೀಟರ್ ಮೇಲೇರಿ ನಿಲ್ಲುತ್ತದೆ. ಇದು ಬೋಳಾಗುವ ಲಕ್ಷಣವಲ್ಲ.

ಕನ್ನಡಿ ಮುಂದೆ ಕುಳಿತು ಹುಬ್ಬು ಮೇಲೆತ್ತಿ. ಹಣೆಯಲ್ಲಿ ಮೂಡುವ ಸುಕ್ಕುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಗುರುತಿಸಿ. ನಡುಭಾಗದಲ್ಲಿ ಆ ಸುಕ್ಕಿನಿಂದ ಕೂದಲಿನವರೆಗೆ ಒಂದು ಬೆರಳಿನಷ್ಟು, ಅಂದರೆ ಸುಮಾರು ಒಂದೂವರೆ ಸೆಂಟಿಮೀಟರ್ ಅಂತರವಿದ್ದರೆ ಅದು ಸಹಜ. ಇನ್ನೊಂದು ಅಳತೆ: ಎರಡು ಹುಬ್ಬುಗಳ ನಡುವಿನ ಬಿಂದುವಿನಿಂದ ಕೂದಲಿನವರೆಗೆ ಟೇಪ್ ಹಿಡಿಯಿರಿ. ಗಂಡಸರ ಕಸಿಯಲ್ಲಿ ಸರ್ಜನ್‌ಗಳು ಸಾಮಾನ್ಯವಾಗಿ 7ರಿಂದ 8 ಸೆಂ.ಮೀ. ಎತ್ತರದಲ್ಲಿ ಗೆರೆ ಎಳೆಯುತ್ತಾರೆ. ನಿಮ್ಮದು ಈಗಾಗಲೇ ಏಳೂವರೆಯಲ್ಲಿದ್ದರೆ ಕೆಳಗಿಳಿಸುವ ಮಾತೇ ಬೇಡ.

ಹೇರ್‌ಲೈನ್‌ನ ಎರಡು ಮೂಲೆಗಳನ್ನು ನೋಡಲು ಒಂದು ಕಿವಿಯ ರಂಧ್ರದಿಂದ ತಲೆಯ ಮೇಲೆ ಹಾದು ಇನ್ನೊಂದು ಕಿವಿಯ ರಂಧ್ರಕ್ಕೆ ಗೆರೆ ಇದೆಯೆಂದುಕೊಳ್ಳಿ. ಮೂಲೆಗಳ ಬೋಳು ಆ ಗೆರೆಗಿಂತ 2 ಸೆಂ.ಮೀ. ಮುಂದೆಯೇ ನಿಂತಿದ್ದರೆ ಬೋಳು ಅಳೆಯುವ ನಾರ್ವುಡ್ ಮಾಪನದಲ್ಲಿ ಅದು ಎರಡನೇ ಹಂತ. 1951ರಲ್ಲಿ ಹ್ಯಾಮಿಲ್ಟನ್ ರೂಪಿಸಿ, 1975ರಲ್ಲಿ ನಾರ್ವುಡ್ ಪರಿಷ್ಕರಿಸಿದ ಈ ಮಾಪನದಲ್ಲಿ ಏಳು ಹಂತಗಳಿವೆ. ಬೋಳು ಎಂದು ವೈದ್ಯರು ಲೆಕ್ಕಕ್ಕೆ ಹಿಡಿಯುವುದು ಮೂರರಿಂದ ಮುಂದಕ್ಕೆ.

2. ಉದುರುತ್ತಿರುವುದು ಯಾಕೆಂದು ತಿಳಿಯಿರಿ

ಡೆಂಗಿ, ಟೈಫಾಯ್ಡ್ ಬಂದು ಹೋದ ಎರಡು–ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುವ ಕೂದಲು ತಾನಾಗಿ ಮರಳುತ್ತದೆ. ಥೈರಾಯ್ಡ್, ಕಬ್ಬಿಣದ ಕೊರತೆ, ದಿಢೀರ್ ತೂಕ ಇಳಿಕೆಯಿಂದಲೂ ಹಾಗೇ ಆಗುತ್ತದೆ. ಇವಕ್ಕೆ ಕಸಿ ಮದ್ದಲ್ಲ. ಕೂದಲ ಬುಡದ ಸುತ್ತ ಕೆಂಪು, ಹೊಪ್ಪಳೆ, ಉರಿ, ಬುಡದ ರಂಧ್ರವೇ ಮಾಯವಾಗಿ ನುಣುಪಾದ ಚರ್ಮ ಕಂಡರೆ ಗಾಯಗುರುತು ಉಳಿಸುವ ಜಾತಿಯ ರೋಗವಿರಬಹುದು. ಅದು ಸಕ್ರಿಯವಾಗಿರುವಾಗ ಕಸಿ ಮಾಡಿದರೆ ನೆಟ್ಟ ಕೂದಲನ್ನೂ ತಿಂದುಹಾಕುತ್ತದೆ.

ಚರ್ಮರೋಗ ತಜ್ಞರು ಟ್ರೈಕೊಸ್ಕೋಪ್ ಎಂಬ ಭೂತಗನ್ನಡಿಯಂಥ ಉಪಕರಣದಿಂದ ನೆತ್ತಿಯನ್ನೂ ಹಿಂದಲೆಯನ್ನೂ ನೋಡಬೇಕು. ವಂಶಪಾರಂಪರ್ಯದ ಬೋಳಿನಲ್ಲಿ ಡಿಎಚ್‌ಟಿ ಹಾರ್ಮೋನ್ ಪ್ರಭಾವಕ್ಕೆ ಸಿಕ್ಕ ಬುಡಗಳು ಪ್ರತಿ ಬೆಳವಣಿಗೆಯ ಸುತ್ತಿನಲ್ಲೂ ಇನ್ನಷ್ಟು ತೆಳ್ಳಗಾಗುತ್ತವೆ. ದಪ್ಪ ಎಳೆಯ ಪಕ್ಕದಲ್ಲೇ ರೋಮದಂಥ ಎಳೆ ಕಾಣುತ್ತದೆ. ಮುಖ್ಯವಾದ ಪ್ರಶ್ನೆ ಹಿಂದಲೆಯದು, ಕಸಿಗೆ ಕೂದಲು ತೆಗೆಯುವುದು ಅಲ್ಲಿಂದಲೇ. ಅಲ್ಲಿಯೂ ಎಳೆಗಳು ತೆಳ್ಳಗಾಗಿದ್ದರೆ ಅಲ್ಲಿಂದ ತೆಗೆದದ್ದು ಮುಂದೆಯೂ ನಿಲ್ಲುವುದಿಲ್ಲ. ಅಂಥವರಿಗೆ ಕಸಿ ಮಾಡಲೇಬಾರದು.

ಮನೆಯವರ ತಲೆಗಳನ್ನೂ ನೋಡಿ: ಅಪ್ಪ, ಚಿಕ್ಕಪ್ಪ–ದೊಡ್ಡಪ್ಪ, ಸೋದರಮಾವ, ಎರಡೂ ಕಡೆಯ ತಾತ. ಬೋಳು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ಸರಿಯಲ್ಲ, ಎರಡೂ ಕಡೆಯಿಂದ ಬರುತ್ತದೆ. ಇವರಲ್ಲಿ ಅತಿ ಹೆಚ್ಚು ಬೋಳಾದವರು ಎಷ್ಟನೇ ವಯಸ್ಸಿಗೆ ಹಾಗಾದರು ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಗೆರೆಯ ಎತ್ತರ ತೀರ್ಮಾನಿಸುವಾಗ ಆ ಟಿಪ್ಪಣಿ ಬೇಕಾಗುತ್ತದೆ.

3. ಒಂದು ವರ್ಷ ಔಷಧ, ಮೂರು ತಿಂಗಳಿಗೊಮ್ಮೆ ಫೋಟೊ

ವಂಶಪಾರಂಪರ್ಯದ ಬೋಳು ಎಂದು ಖಚಿತವಾದರೆ ಮೊದಲು ಉದುರುವುದನ್ನು ನಿಲ್ಲಿಸಬೇಕು. ಸಾಮಾನ್ಯವಾಗಿ ವೈದ್ಯರು ಬರೆಯುವುದು ದಿನಕ್ಕೆ 1 ಮಿ.ಗ್ರಾಂ. ಫಿನಾಸ್ಟರೈಡ್ ಮಾತ್ರೆ ಮತ್ತು ಹಚ್ಚಲು 5% ಮಿನಾಕ್ಸಿಡಿಲ್, ಹೊತ್ತಿಗೆ 1 ಮಿ.ಲೀ.ಯಂತೆ ದಿನಕ್ಕೆರಡು ಬಾರಿ. ಒಣಗಿದ ನೆತ್ತಿಯ ಚರ್ಮಕ್ಕೆ ತಾಗುವಂತೆ ಹಚ್ಚಬೇಕು. ಕೂದಲಿಗೆ ಎಣ್ಣೆ ಸವರಿದಂತೆ ಸವರಿದರೆ ವ್ಯರ್ಥ. ಮಿನಾಕ್ಸಿಡಿಲ್ ಶುರುಮಾಡಿದ ಮೊದಲ ವಾರಗಳಲ್ಲಿ ಕೂದಲು ಹೆಚ್ಚು ಉದುರಬಹುದು. ಹಳೆಯ ಎಳೆ ಬಿದ್ದು ಹೊಸದಕ್ಕೆ ಜಾಗವಾಗುವುದು ಹಾಗೆ. ಬಹಳ ಜನ ಗಾಬರಿಯಾಗಿ ಕೈಬಿಡುವುದು ಇಲ್ಲೇ.

ಫಿನಾಸ್ಟರೈಡ್‌ನಿಂದ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಗ್ಗುವುದು ವರದಿಯಾಗಿದೆ. ಖಿನ್ನತೆ ಇದ್ದವರು, ಮಗುವಿಗೆ ಪ್ರಯತ್ನಿಸುತ್ತಿರುವವರು ವೈದ್ಯರಿಗೆ ಮೊದಲೇ ಹೇಳಬೇಕು. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು. ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗುವವರೆಗೆ ರಕ್ತದಾನ ಮಾಡಬಾರದು. ಗೆಳೆಯನ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಕೊಳ್ಳುವ ಔಷಧ ಇದಲ್ಲ.

ಮೂರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕು, ಅಷ್ಟೇ ಉದ್ದದ ಕೂದಲಿನಲ್ಲಿ ಮುಂಭಾಗ, ಎರಡು ಪಕ್ಕ, ನೆತ್ತಿ ಮತ್ತು ಹಿಂದಲೆಯ ಫೋಟೊ ತೆಗೆಯಿರಿ. ಒದ್ದೆ ಕೂದಲಿನಲ್ಲೂ ಒಮ್ಮೆ. ವರ್ಷದ ಕೊನೆಗೆ ಪಕ್ಕಪಕ್ಕ ಇಟ್ಟರೆ ನಿಂತಿದೆಯೋ ಜಾರುತ್ತಿದೆಯೋ ತಿಳಿಯುತ್ತದೆ. ಜಾರುತ್ತಿರುವಾಗ ಗೆರೆ ನೆಡಿಸಿಕೊಂಡರೆ ನೆಟ್ಟ ಪಟ್ಟಿಯ ಹಿಂದೆ ಬಯಲು ಉಳಿಯುತ್ತದೆ. ಅನುಭವಿ ಸರ್ಜನ್‌ಗಳು 25 ದಾಟದ ಹುಡುಗರನ್ನು ಸಾಮಾನ್ಯವಾಗಿ ವಾಪಸು ಕಳಿಸುವುದಕ್ಕೆ ಇದೇ ಕಾರಣ. ವಾಪಸು ಕಳಿಸುವ ವೈದ್ಯರ ಮೇಲೆ ನಂಬಿಕೆ ಇಡಿ.

4. ಹಿಂದಲೆಯಲ್ಲಿ ಎಷ್ಟಿದೆ, ಎಷ್ಟು ಖರ್ಚಾಗುತ್ತದೆ

ಒಟ್ಟಲಿನಿಂದ ಪೈರು ಕಿತ್ತು ಗದ್ದೆಗೆ ನೆಡುವಂತೆಯೇ ಇದೂ. ಆದರೆ ಕಿತ್ತ ಒಟ್ಟಲಿನಲ್ಲಿ ಮತ್ತೆ ಬಿತ್ತಲು ಬರುವುದಿಲ್ಲ. ಹಿಂದಲೆಯಿಂದ ತೆಗೆದ ಬುಡ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಸಾಧಾರಣ ತಲೆಯಿಂದ ಜೀವಮಾನದಲ್ಲಿ ಸುರಕ್ಷಿತವಾಗಿ ತೆಗೆಯಬಹುದಾದದ್ದು ಅಂದಾಜು 5,000ದಿಂದ 6,000 ಗ್ರಾಫ್ಟ್. ಒಂದು ಗ್ರಾಫ್ಟ್ ಎಂದರೆ ಒಂದೇ ಬುಡದಿಂದ ಹೊರಡುವ ಒಂದರಿಂದ ನಾಲ್ಕು ಕೂದಲ ಗುಂಪು.

ಈಗ ಲೆಕ್ಕ. ಹಣೆಯ ಅಗಲ 14 ಸೆಂ.ಮೀ., ಇಳಿಸಬೇಕಾದದ್ದು ಒಂದೂವರೆ: 21 ಚದರ ಸೆಂ.ಮೀ. ಚದರ ಸೆಂಟಿಮೀಟರಿಗೆ 40 ಗ್ರಾಫ್ಟ್‌ನಂತೆ 840. ಎರಡೂ ಮೂಲೆಗಳನ್ನು ತುಂಬಲು ತಲಾ 10 ಚದರ ಸೆಂ.ಮೀ. ಎಂದರೆ ಇನ್ನೂ 800. ಬರೀ ಗೆರೆ ಇಳಿಸುವುದಕ್ಕೇ 1,640 ಗ್ರಾಫ್ಟ್ ಹೋಯಿತು, ಒಟ್ಟು ದಾಸ್ತಾನಿನ ಕಾಲುಭಾಗಕ್ಕಿಂತ ಹೆಚ್ಚು. ಮುಂದೆ ನಾರ್ವುಡ್ ಆರನೇ ಹಂತಕ್ಕೆ ಹೋದರೆ ಮುಚ್ಚಬೇಕಾದ ಜಾಗ 200 ಚದರ ಸೆಂಟಿಮೀಟರನ್ನೂ ಮೀರಬಹುದು. ಚದರಕ್ಕೆ 30ರಂತೆ ತೆಳುವಾಗಿ ನೆಟ್ಟರೂ 6,000 ಬೇಕು, ಕೈಯಲ್ಲಿ ಉಳಿದದ್ದು ನಾಲ್ಕು ಸಾವಿರದ ಆಸುಪಾಸು. ವೈದ್ಯರ ಮುಂದೆ ಕುಳಿತಾಗ ಈ ಲೆಕ್ಕ ಬರೆದ ಕಾಗದವನ್ನು ಹರಡಿ, ನಿಮ್ಮ ತಲೆಯ ಅಂಕಿಗಳನ್ನು ತುಂಬಿಸಿ ಎಂದು ಕೇಳಿ.

ಹುಟ್ಟಿನಿಂದಲೇ ಹಣೆ ದೊಡ್ಡದಿದ್ದು, ಮನೆತನದಲ್ಲಿ ಬೋಳಿಲ್ಲದಿದ್ದರೆ ಲೆಕ್ಕ ಇಷ್ಟು ಬಿಗಿಯಲ್ಲ. ಆದರೆ ಹಣೆಯ ಚರ್ಮ ಕತ್ತರಿಸಿ ನೆತ್ತಿಯನ್ನೇ ಮುಂದಕ್ಕೆಳೆದು ಹೊಲಿಯುವ ಶಸ್ತ್ರಚಿಕಿತ್ಸೆ ಹೆಂಗಸರಿಗೆ ಹೊಂದುವಷ್ಟು ಗಂಡಸರಿಗೆ ಹೊಂದುವುದಿಲ್ಲ. ಮುಂದೆ ಕೂದಲು ಸರಿದರೆ ಹೊಲಿಗೆಯ ಗುರುತು ಹಣೆ ಮೇಲೆ ಬಯಲಾಗುತ್ತದೆ.

5. ಮಾಡುವವರು ಯಾರು

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಯೂಟ್ಯೂಬ್ ಅಥವಾ ಕಾರ್ಯಾಗಾರದಲ್ಲಿ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗದಲ್ಲಿ ಸ್ನಾತಕೋತ್ತರ ಪದವಿ ಇದೆಯೇ ನೋಡಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಕೊಡುವ ಕೆಪಿಎಂಇ ನೋಂದಣಿ ಪ್ರಮಾಣಪತ್ರ ಗೋಡೆ ಮೇಲಿದೆಯೇ ಗಮನಿಸಿ. ಕಾನ್ಪುರದಲ್ಲಿ ಕಸಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರ್‌ಗಳ ಸಾವಿನ ಪ್ರಕರಣ 2025ರಲ್ಲಿ ದೇಶದಾದ್ಯಂತ ಸುದ್ದಿಯಾಗಿತ್ತು. ಗಲ್ಫ್‌ನಲ್ಲಿರುವ ನಮ್ಮವರು ಇಸ್ತಾಂಬುಲ್‌ನ ಕಸಿ ಪ್ಯಾಕೇಜ್‌ಗೆ ಹೋಗುವಾಗಲೂ ಕೇಳಬೇಕಾದದ್ದು ಒಂದೇ ಪ್ರಶ್ನೆ: ರಂಧ್ರ ಮಾಡುವುದು, ಬುಡ ತೆಗೆಯುವುದು ವೈದ್ಯರ ಕೈಯೋ, ಸಹಾಯಕರ ಕೈಯೋ? ಉತ್ತರ ಲಿಖಿತವಾಗಿರಲಿ.

ಅಪಾಯ ಹೆಚ್ಚಾಗಿ ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿದೆ. ಅಡ್ರಿನಲಿನ್ ಬೆರೆತ ಲಿಗ್ನೊಕೇನ್‌ನ ಮಿತಿ ದೇಹತೂಕದ ಕಿಲೋಗೆ 7 ಮಿ.ಗ್ರಾಂ. ಅರವತ್ತು ಕಿಲೋ ತೂಗುವವರಿಗೆ 420 ಮಿ.ಗ್ರಾಂ., ಅಂದರೆ 2% ದ್ರಾವಣದಲ್ಲಿ ಬರೀ 21 ಮಿ.ಲೀ. ಹಿಂದಲೆ, ಮುಂದಲೆ ಎರಡಕ್ಕೂ ಇದರಲ್ಲೇ ಆಗಬೇಕು. ಒಂದೇ ದಿನ ಸಾವಿರಾರು ಗ್ರಾಫ್ಟ್ ಮುಗಿಸುವ ಆತುರದಲ್ಲಿ ಮಿತಿ ದಾಟುತ್ತದೆ. ತುಟಿ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಬಾಯಲ್ಲಿ ಲೋಹದ ರುಚಿ ಮೊದಲ ಸೂಚನೆಗಳು, ಆಗಲೇ ಹೇಳಿ. ಆಮ್ಲಜನಕ, ಹೃದಯ ಬಡಿತ ತೋರಿಸುವ ಮಾನಿಟರ್, ತುರ್ತು ಔಷಧಗಳ ಪೆಟ್ಟಿಗೆ ಇಲ್ಲದ ಕೋಣೆಯಲ್ಲಿ ಮಲಗಬೇಡಿ.

‘ಅನ್‌ಲಿಮಿಟೆಡ್ ಗ್ರಾಫ್ಟ್’ ಎನ್ನುವ ಜಾಹೀರಾತು ಕಂಡರೆ ಹಿಂದೆ ಸರಿಯಿರಿ. ಗ್ರಾಫ್ಟ್ ಲೆಕ್ಕದಲ್ಲಿ ದರವಿದ್ದರೆ ಒಂದೆಳೆಯವು ಎಷ್ಟು, ಎರಡೆಳೆಯವು ಎಷ್ಟು, ಮೂರೆಳೆಯವು ಎಷ್ಟು ಎಂಬ ಪಟ್ಟಿ ಕೊಡಬೇಕು. ಗುಂಪನ್ನು ಸೀಳಿ ಸಂಖ್ಯೆ ಹೆಚ್ಚಿಸುವುದು ಹಳೆಯ ಚಾಳಿ. ಸೌಂದರ್ಯಕ್ಕಾಗಿ ಮಾಡುವ ಕಸಿಗೆ ಸಾಮಾನ್ಯವಾಗಿ ವಿಮೆ ಸಿಗುವುದಿಲ್ಲ, ಜಿಎಸ್‌ಟಿ ವಿನಾಯಿತಿಯೂ ಇಲ್ಲ.

6. ಗೆರೆ ಎಳೆಯುವಾಗ

ನೀವು ನೆಟ್ಟಗೆ ಕುಳಿತಿರುವಾಗಲೇ ಮಾರ್ಕರ್‌ನಲ್ಲಿ ಎಳೆಯಲಿ, ಮಲಗಿದಾಗಲ್ಲ. ಮೂಲೆಗಳು ಒಳಸರಿದೇ ಇರಬೇಕು. ಅವನ್ನು ಮುಚ್ಚಿ ಕಮಾನಿನಂತೆ ದುಂಡಗೆ ಮಾಡಿದರೆ ಇಪ್ಪತ್ತೈದಕ್ಕೆ ಚೆಂದ, ನಲವತ್ತಕ್ಕೆ ವಿಗ್ ಇಟ್ಟಂತೆ. ಸ್ಕೇಲ್ ಹಿಡಿದು ಎಳೆದಂಥ ನೇರ ಗೆರೆಯೂ ಬೇಡ. ಸಹಜ ಗೆರೆ ಹತ್ತಿರದಿಂದ ಅಂಕುಡೊಂಕಾಗಿ, ಅಲ್ಲಲ್ಲಿ ಒಂಟಿ ಕೂದಲು ಮುಂದೆ ಬಂದಂತಿರುತ್ತದೆ. ಮೊದಲ ಎರಡು–ಮೂರು ಸಾಲಿಗೆ ಒಂದೆಳೆಯ ಗ್ರಾಫ್ಟ್ ಮಾತ್ರ, ಅದರಲ್ಲೂ ತೆಳ್ಳಗಿನವು. ನೆಡುವ ಕೋನ ಚರ್ಮಕ್ಕೆ 15–20 ಡಿಗ್ರಿ, ಕೂದಲು ಮುಂದಕ್ಕೆ ಮುಖ ಮಾಡಿರಲಿ. ನೆಟ್ಟಗೆ ನಿಲ್ಲಿಸಿ ನೆಟ್ಟರೆ ಬ್ರಷ್‌ನಂತೆ ಎದ್ದು ನಿಲ್ಲುತ್ತದೆ, ಯಾವ ಬಾಚಣಿಗೆಗೂ ಬಗ್ಗುವುದಿಲ್ಲ. ತಪ್ಪಿ ಕೆಳಗೆ ನೆಟ್ಟ ಗೆರೆಯನ್ನು ಲೇಸರ್‌ನಿಂದ ಸುಡಬೇಕು ಇಲ್ಲವೇ ಒಂದೊಂದೇ ಕಿತ್ತು ತೆಗೆಯಬೇಕು, ಹಣೆಯಲ್ಲಿ ಚುಕ್ಕೆ ಗುರುತು ಉಳಿಯಬಹುದು. ಅನುಮಾನವಿದ್ದರೆ ಅರ್ಧ ಸೆಂಟಿಮೀಟರ್ ಮೇಲೆಯೇ ಎಳೆಸಿ. ಮುಂದೆ ಇಳಿಸುವುದು ಸುಲಭ, ಏರಿಸುವುದು ಕಷ್ಟ.

ಧರ್ಮಸ್ಥಳಕ್ಕೋ ತಿರುಪತಿಗೋ ಮುಡಿ ಹರಕೆ ಇದ್ದವರು ಇನ್ನೊಂದು ತಿಳಿದಿರಲಿ. 0.8ರಿಂದ 1 ಮಿ.ಮೀ. ಪಂಚ್‌ನಿಂದ ಒಂದೊಂದೇ ಬುಡ ತೆಗೆಯುವ ಎಫ್‌ಯುಇ ವಿಧಾನದಲ್ಲಿ ತಲೆ ಬೋಳಿಸಿದಾಗ ಹಿಂದಲೆಯಲ್ಲಿ ಬಿಳಿ ಚುಕ್ಕೆಗಳು ಕಾಣುತ್ತವೆ; ಚರ್ಮದ ಪಟ್ಟಿಯನ್ನೇ ತೆಗೆಯುವ ಎಫ್‌ಯುಟಿಯಲ್ಲಿ ಅಡ್ಡಗೆರೆ ಕಾಣುತ್ತದೆ. ಗಾಯ ಪೂರ್ತಿ ಮಾಗಿದ ಮೇಲೆ ಬೋಳಿಸಿದರೆ ಕಸಿ ಕೂದಲು ಮತ್ತೆ ಬೆಳೆಯುತ್ತದೆ, ಆ ಭಯ ಬೇಡ.

7. ಆ ದಿನ, ಆಮೇಲಿನ ಹತ್ತು ದಿನ

ಮುಂಚೆ ರಕ್ತ, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ, ಇಸಿಜಿ. ಸಿಗರೇಟು, ಮದ್ಯ ಕನಿಷ್ಠ ಒಂದು ವಾರ ಮೊದಲೇ ನಿಲ್ಲಲಿ. ರಕ್ತ ತೆಳ್ಳಗಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ತಾವೇ ಬಿಡಬೇಡಿ. ತೆಗೆದ ಗ್ರಾಫ್ಟ್ ತಣ್ಣನೆಯ ದ್ರಾವಣದಲ್ಲಿ ಸದಾ ಮುಳುಗಿರಬೇಕು. ಒಣಗಿದರೆ ನಿಮಿಷಗಳಲ್ಲೇ ಸಾಯುತ್ತದೆ, ಹೊರಗೆ ಹೆಚ್ಚು ಗಂಟೆ ಇದ್ದಷ್ಟೂ ಬದುಕುವ ಪ್ರಮಾಣ ಇಳಿಯುತ್ತದೆ.

ಮೊದಲ ಮೂರ್ನಾಲ್ಕು ರಾತ್ರಿ ಬೆನ್ನಿಗೆ ದಿಂಬು ಕೊಟ್ಟು ಅರೆಕುಳಿತು ಮಲಗಿ. ಎರಡು–ಮೂರನೇ ದಿನ ಹಣೆ ಊದಿ, ಊತ ಹುಬ್ಬಿಗೂ ಕಣ್ಣಿನ ಸುತ್ತಕ್ಕೂ ಇಳಿಯಬಹುದು. ಐದಾರು ದಿನಕ್ಕೆ ಕರಗುತ್ತದೆ. ವೈದ್ಯರು ಹೇಳಿದ ದಿನದಿಂದ ತೊಳೆಯಲು ಶುರುಮಾಡಿ. ಶವರ್ ಬೇಡ. ಬೇಬಿ ಶಾಂಪೂವನ್ನು ಅಂಗೈಯಲ್ಲಿ ನೊರೆ ಮಾಡಿ, ನೊರೆಯನ್ನು ನೆಟ್ಟ ಜಾಗದ ಮೇಲಿಟ್ಟು, ಮಗ್‌ನಿಂದ ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ಸುರಿಯಿರಿ. ಉಗುರು ತಾಗಿಸಬೇಡಿ. ಹತ್ತು ದಿನಗಳ ಹೊತ್ತಿಗೆ ಹಕ್ಕಳೆ ಉದುರಿ ಬುಡ ಕಚ್ಚಿಕೊಳ್ಳುತ್ತದೆ.

ಹೆಲ್ಮೆಟ್ ಎರಡು ವಾರ ಬೇಡ. ಅದರ ಮುಂದಿನ ಅಂಚು ಉಜ್ಜುವುದು ನೆಟ್ಟ ಗೆರೆಯನ್ನೇ. ಹೆಲ್ಮೆಟ್ ಇಲ್ಲದೆ ಬೈಕ್ ಏರುವಂತಿಲ್ಲ, ಹಾಗಾಗಿ ಬಸ್ಸು, ಮೆಟ್ರೊ, ಆಟೊ.

8. ಹನ್ನೆರಡು ತಿಂಗಳು

ಎರಡರಿಂದ ಆರು ವಾರಗಳ ನಡುವೆ ನೆಟ್ಟ ಕೂದಲಿನ ಬಹುಪಾಲು ಉದುರುತ್ತದೆ, ಬುಡ ಒಳಗೇ ಉಳಿಯುತ್ತದೆ. ಪಕ್ಕದ ಸ್ವಂತ ಕೂದಲೂ ಸ್ವಲ್ಪ ಉದುರಬಹುದು. ಮೂರು–ನಾಲ್ಕನೇ ತಿಂಗಳಲ್ಲಿ ಸಣ್ಣ ಮೊಡವೆಗಳ ಜೊತೆ ಹೊಸ ಎಳೆ ಹೊರಬರುತ್ತದೆ, ಮೊದಮೊದಲು ತೆಳ್ಳಗೆ, ಸುರುಳಿಯಾಗಿ. ಕೀವು, ಜ್ವರ, ಚರ್ಮ ಕಪ್ಪಾಗುವುದು ಕಂಡರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ. ಆರನೇ ತಿಂಗಳಿಗೆ ಅರ್ಧ ಫಲಿತಾಂಶ, ಪೂರ್ತಿ ತಿಳಿಯಲು ವರ್ಷ ಬೇಕು. ಛತ್ರ ಬುಕ್ ಆದ ಮೇಲೆ ಕಸಿಗೆ ಓಡಿದರೆ ಮದುವೆ ಫೋಟೊದಲ್ಲಿ ಉದುರಿದ ಹಂತವೇ ಸಿಕ್ಕಿಬೀಳುತ್ತದೆ.

ನೆಟ್ಟದ್ದಕ್ಕೆ ಔಷಧ ಬೇಡ, ಹಿಂದಿರುವ ಸ್ವಂತ ಕೂದಲಿಗೆ ಬೇಕು. ಫಿನಾಸ್ಟರೈಡ್ ಬಿಟ್ಟರೆ ಅದು ಉಳಿಸಿದ್ದ ಕೂದಲು ಸುಮಾರು ಒಂದು ವರ್ಷದೊಳಗೆ ಹೋಗುತ್ತದೆ. ಆದ್ದರಿಂದ ಮೂರು ತಿಂಗಳ ಫೋಟೊ ಕಸಿಯ ನಂತರವೂ ಮುಂದುವರಿಯಲಿ, ವರ್ಷಕ್ಕೊಮ್ಮೆ ಟ್ರೈಕೊಸ್ಕೋಪ್ ಅಡಿ ನೆತ್ತಿ ತೋರಿಸಿ. ಎರಡನೇ ಕಸಿ ಬೇಕೆನಿಸಿದರೆ ಮೊದಲನೆಯದರ ನಂತರ ಕನಿಷ್ಠ ಒಂದು ವರ್ಷ ಕಳೆದಿರಲಿ. ಹೋಗುವಾಗ ಮೊದಲ ಬಾರಿಯ ಗ್ರಾಫ್ಟ್ ಪಟ್ಟಿಯನ್ನು ಜೊತೆಗೆ ಒಯ್ಯಿರಿ.