ಸಿಎ ಆಗುವುದು ಹೇಗೆ? ಪಿಯುಸಿಯಿಂದ ಸಹಿ ಹಾಕುವವರೆಗೆ

ಫೈನಲ್ ರಿಸಲ್ಟ್ ಬಂದ ದಿನವೇ ಹೆಸರಿನ ಹಿಂದೆ 'ಸಿಎ' ಅಂತ ಹಾಕಿಕೊಳ್ಳುವ ಆಸೆ ಸಹಜ. ಆದರೆ ಕಾನೂನು ಅದನ್ನು ಒಪ್ಪುವುದಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಶುರುವಾದ ಐಸಿಎಐ (ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಅಕೌಂಟೆಂಟ್ಸ್ ಆಫ್ ಇಂಡಿಯಾ) ಸಂಸ್ಥೆಯ ಸದಸ್ಯರ ಪಟ್ಟಿಗೆ ಹೆಸರು ಸೇರಿದ ಮೇಲಷ್ಟೇ ನೀವು ಸಿಎ. ಅಲ್ಲಿಗೆ ಹೋಗುವ ದಾರಿ 2023ರ ಜುಲೈ 1ರಿಂದ ಬದಲಾಗಿದೆ. ಹಾಗಾಗಿ ಹಳೇ ಸ್ಕೀಮಿನಲ್ಲಿ ಓದಿದ ಅಣ್ಣ, ಅಕ್ಕಂದಿರ ಸಲಹೆ ಕೇಳಿ, ಆದರೆ ಹೊಸ ನಿಯಮಕ್ಕೆ ತಾಳೆ ನೋಡಿಕೊಳ್ಳಿ.

ಮೊದಲು ಫೌಂಡೇಶನ್

ಇದು ಸಿಎ ಕೋರ್ಸಿನ ಮೊದಲ ಹಂತದ ಪರೀಕ್ಷೆ. ಹತ್ತನೇ ತರಗತಿ ಮುಗಿದ ಮೇಲೆ ಹೆಸರು ನೋಂದಾಯಿಸಬಹುದು. ಪರೀಕ್ಷೆ ಬರೆಯುವುದು ದ್ವಿತೀಯ ಪಿಯುಸಿ ಪರೀಕ್ಷೆ ಆದ ಮೇಲೆ. ಕಾಮರ್ಸೇ ಆಗಿರಬೇಕು ಅಂತೇನಿಲ್ಲ, ಸೈನ್ಸ್, ಆರ್ಟ್ಸ್‌ನವರೂ ಬರಬಹುದು. ನೋಂದಣಿಗೂ ಪರೀಕ್ಷೆಗೂ ನಡುವೆ ನಾಲ್ಕು ತಿಂಗಳು ಓದಿನ ಅವಧಿ ಇರಬೇಕು. ಮೇ ಪರೀಕ್ಷೆಗೆ ಜನವರಿ 1, ಸೆಪ್ಟೆಂಬರ್‌ಗೆ ಮೇ 1, ಜನವರಿಗೆ ಸೆಪ್ಟೆಂಬರ್ 1ರ ಒಳಗೆ ನೋಂದಣಿ ಮುಗಿಸಿ.

ಪೇಪರ್ ನಾಲ್ಕು: ಅಕೌಂಟಿಂಗ್, ಬಿಸಿನೆಸ್ ಲಾ, ಗಣಿತ ಮತ್ತು ಸ್ಟಾಟಿಸ್ಟಿಕ್ಸ್, ಅರ್ಥಶಾಸ್ತ್ರ. ಕೊನೆಯ ಎರಡರಲ್ಲಿ ಸರಿ ಉತ್ತರ ಆರಿಸುವ ಪ್ರಶ್ನೆಗಳು. ತಪ್ಪಾದರೆ ಕಾಲು ಅಂಕ ಕಟ್. ಊಹೆ ಮಾಡಿ ಗುರುತು ಹಾಕುವ ಅಭ್ಯಾಸ ಇದ್ದವರು ಇಲ್ಲೇ ಬಿಡಬೇಕು.

ಪರೀಕ್ಷೆಗೆ ಇರುವುದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಕನ್ನಡ ಮಾಧ್ಯಮದವರು ಲಾ ಪೇಪರಿನ ಉತ್ತರಗಳನ್ನು ಮೊದಲ ತಿಂಗಳಿನಿಂದಲೇ ಕೈಯಲ್ಲಿ ಬರೆದು ರೂಢಿ ಮಾಡಿಕೊಳ್ಳಿ. ಓದಿದರೆ ಅರ್ಥ ಆಗುತ್ತದೆ, ಬರೆಯಲು ಕೂತಾಗ ವಾಕ್ಯ ಬರುವುದಿಲ್ಲ. ತೊಂದರೆ ಇರುವುದು ಅಲ್ಲಿ.

ಡಿಗ್ರಿ ಮುಗಿಸಿದವರಿಗೆ ಫೌಂಡೇಶನ್ ಬೇಡ. ಕಾಮರ್ಸ್ ಪದವೀಧರರಿಗೆ ಶೇ 55, ಉಳಿದವರಿಗೆ ಶೇ 60 ಅಂಕ ಇದ್ದರೆ ನೇರವಾಗಿ ಇಂಟರ್‌ಮೀಡಿಯೇಟ್.

ಇಂಟರ್: ಅಂಕದ ಲೆಕ್ಕ ತಿಳಿದಿರಲಿ

ಇಲ್ಲಿ ಆರು ಪೇಪರ್, ಮೂರು ಮೂರರ ಎರಡು ಗ್ರೂಪ್. ಓದಿನ ಅವಧಿ ಎಂಟು ತಿಂಗಳು. ಪಾಸಾಗಲು ಪ್ರತಿ ಪೇಪರಿನಲ್ಲಿ 40, ಗ್ರೂಪಿನ ಒಟ್ಟು ಅಂಕದಲ್ಲಿ ಶೇ 50 ಬೇಕು. ಮೂರು ಪೇಪರಿನಲ್ಲೂ 45 ತೆಗೆದವರು ಫೇಲ್, ಯಾಕೆಂದರೆ ಒಟ್ಟು 135, ಬೇಕಾದ್ದು 150.

ಎರಡೂ ಗ್ರೂಪ್ ಒಟ್ಟಿಗೆ ಬರೆದರೆ ಒಂದು ಅನುಕೂಲ ಇದೆ. ಮೊದಲ ಗ್ರೂಪಿನಲ್ಲಿ ಅದೇ 135, ಎರಡನೆಯದರಲ್ಲಿ 167 ಬಂತು ಅನ್ನಿ. ಒಟ್ಟು 302. ಯಾವ ಪೇಪರಿನಲ್ಲೂ 40ಕ್ಕಿಂತ ಕಡಿಮೆ ಇಲ್ಲದಿದ್ದರೆ ಎರಡೂ ಗ್ರೂಪ್ ಪಾಸ್! ಹಾಗಂತ ಓದು ಮುಗಿಯದೆ ಎರಡಕ್ಕೂ ಕೂರುವುದು ಜಾಣತನವಲ್ಲ. ಒಂದನ್ನು ಗಟ್ಟಿ ಮಾಡಿಕೊಂಡು ಪಾಸಾಗುವುದೇ ಮೇಲು.

ಆರ್ಟಿಕಲ್‌ಶಿಪ್: ಕಲಿಯುವುದು ಇಲ್ಲಿ

ಎರಡೂ ಗ್ರೂಪ್ ಆದ ಮೇಲೆ, ಸಂಸ್ಥೆಯೇ ನಡೆಸುವ ಐಟಿ ಮತ್ತು ಓರಿಯೆಂಟೇಶನ್ ತರಬೇತಿ ಮುಗಿಸಿ, ಪ್ರಾಕ್ಟೀಸ್‌ನಲ್ಲಿರುವ ಸಿಎ ಒಬ್ಬರ ಬಳಿ ಎರಡು ವರ್ಷ ಆರ್ಟಿಕಲ್‌ಶಿಪ್ ಮಾಡಬೇಕು. ಮೊದಲು ಇದು ಮೂರು ವರ್ಷ ಇತ್ತು. ಅವಧಿ ಕಡಿಮೆಯಾಗಿರುವುದರಿಂದ ಆಫೀಸಿನ ಆಯ್ಕೆ ಇನ್ನೂ ಮುಖ್ಯ.

ಮನೆಗೆ ಹತ್ತಿರ ಅಂತ ಸುಮ್ನೆ ಸೇರಿಬಿಡಬೇಡಿ. ಇಂಟರ್‌ವ್ಯೂನಲ್ಲಿ ನೀವೂ ಪ್ರಶ್ನೆ ಕೇಳಿ. ಇಲ್ಲಿ ಆಡಿಟ್ ಜಾಸ್ತಿಯೋ, ರಿಟರ್ನ್ ಫೈಲಿಂಗ್ ಜಾಸ್ತಿಯೋ? ಕ್ಲೈಂಟ್ ಜಾಗಕ್ಕೆ ಕಳಿಸುತ್ತಾರಾ? ಪರೀಕ್ಷೆಗೆ ರಜೆ ಹೇಗೆ? ಇದಕ್ಕೆ ಮುಖ ಗಂಟಿಕ್ಕುವ ಆಫೀಸು ನಿಮಗೆ ಬೇಡ. ಖರೀದಿ ಲೆಡ್ಜರನ್ನು ಜಿಎಸ್‌ಟಿ ಪೋರ್ಟಲಿನ 2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ) ಜೊತೆ ಇಟ್ಟು, ಯಾವ ಬಿಲ್ ಅಲ್ಲಿ ಕಾಣುತ್ತಿಲ್ಲ ಅಂತ ಹುಡುಕಿ, ಸಪ್ಲೈಯರ್‌ಗೆ ಫೋನ್ ಮಾಡಿದವರಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ಪಾಠ ಬಾಯಿಪಾಠ ಮಾಡುವ ಗೋಜಿರುವುದಿಲ್ಲ. ಮಾರ್ಚ್ 31ರಂದು ಗೋಡೌನಿನಲ್ಲಿ ಸ್ಟಾಕ್ ಎಣಿಸುವಾಗ, ಲೆಕ್ಕದಲ್ಲಿ ಇರುವ ಮಾಲು ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ಕಂಡರೆ ಅದಕ್ಕೆ ಯಾವ ಬೆಲೆ ಕಟ್ಟಬೇಕು ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ.

ಸೇರಿದ ಕೂಡಲೇ ಆರ್ಟಿಕಲ್‌ಶಿಪ್ ನೋಂದಣಿ ಅರ್ಜಿ ಸಲ್ಲಿಕೆಯಾಯಿತಾ ಅಂತ ನೀವೇ ವಿಚಾರಿಸಿ. ಸಂಸ್ಥೆ ನಿಗದಿ ಮಾಡಿದ ಸ್ಟೈಪೆಂಡ್ ಕೊಡುವುದು ಕಡ್ಡಾಯ. ಅದು ಜೇಬಿಗೆ ಸಾಲದು ಅನ್ನುವುದು ಬೇರೆ ಮಾತು.

ಫೈನಲ್

ಆರ್ಟಿಕಲ್‌ಶಿಪ್ ಮುಗಿದು ಆರು ತಿಂಗಳ ಮೇಲೆ ಫೈನಲ್. ಅದಕ್ಕೆ ಮುಂಚೆ ಆನ್‌ಲೈನ್ ಮಾಡ್ಯೂಲ್‌ಗಳ ನಾಲ್ಕು ಸೆಟ್ ಪಾಸಾಗಿರಬೇಕು. ಇವನ್ನು ಕೊನೆಗೆ ಉಳಿಸಿಕೊಂಡವರು ಪರದಾಡುತ್ತಾರೆ. ಫೈನಲ್‌ನಲ್ಲೂ ಆರು ಪೇಪರ್, ಅದೇ 40 ಮತ್ತು 50ರ ನಿಯಮ. ಆರನೆಯದು ಪುಸ್ತಕ ನೋಡಿ ಬರೆಯುವ ಪೇಪರ್. ಸುಲಭ ಅಂದುಕೊಳ್ಳಬೇಡಿ, ಪುಟ ಹುಡುಕುತ್ತಾ ಕೂತರೆ ಸಮಯ ಹೋಗುತ್ತದೆ.

ನೋಂದಣಿ

ಪಾಸಾದ ಮೇಲೆ ಐಸಿಎಐನ ಸೆಲ್ಫ್ ಸರ್ವಿಸ್ ಪೋರ್ಟಲಿನಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಿ, ಶುಲ್ಕ ಕಟ್ಟಿ. 21 ವರ್ಷ ತುಂಬಿರಬೇಕು. ಅರ್ಜಿ ಒಪ್ಪಿಗೆಯಾದರೆ ಸದಸ್ಯತ್ವ ಸಂಖ್ಯೆ ಬರುತ್ತದೆ.

ಕಂಪನಿಯಲ್ಲಿ ಕೆಲಸಕ್ಕೆ ಸೇರುವವರಿಗೆ ಇಷ್ಟೇ ಸಾಕು. ಸ್ವಂತ ಆಫೀಸು ತೆರೆದು ಆಡಿಟ್ ರಿಪೋರ್ಟಿಗೆ ಸಹಿ ಹಾಕಬೇಕಾದರೆ ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್ ಬೇರೆ ತೆಗೆದುಕೊಳ್ಳಬೇಕು. ಇಡುವ ಫರ್ಮ್ ಹೆಸರಿಗೂ ಸಂಸ್ಥೆಯ ಒಪ್ಪಿಗೆ ಬೇಕು. ಸಹಿ ಹಾಕಿದ ಪ್ರತಿ ಆಡಿಟ್ ರಿಪೋರ್ಟು, ಸರ್ಟಿಫಿಕೇಟಿಗೆ 18 ಅಂಕಿ–ಅಕ್ಷರಗಳ ಯುಡಿಐಎನ್ (ಆ ದಾಖಲೆಗೆ ಮಾತ್ರ ಸಿಗುವ ಗುರುತಿನ ಸಂಖ್ಯೆ) ಪಡೆಯುವುದು 2019ರಿಂದ ಕಡ್ಡಾಯ. ಬ್ಯಾಂಕಿನವರು ಈ ಸಂಖ್ಯೆ ಹಾಕಿ ಸಹಿ ನಿಜವೋ ನಕಲಿಯೋ ಅಂತ ಅಲ್ಲೇ ಪರೀಕ್ಷಿಸುತ್ತಾರೆ.

ವಾರ್ಷಿಕ ಶುಲ್ಕ ಏಪ್ರಿಲ್ 1ಕ್ಕೇ ಬಾಕಿ ಬೀಳುತ್ತದೆ. ಸೆಪ್ಟೆಂಬರ್ 30ರವರೆಗೂ ಕಟ್ಟದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಆಮೇಲೆ ಮತ್ತೆ ಅರ್ಜಿ, ಮತ್ತೆ ಶುಲ್ಕ.