ಮನೆಯ ಯುಜಿಡಿ ಲೈನ್ ಕಟ್ಟಿಕೊಂಡಾಗ ನಾನು ಕೆಲಸ ಮಾಡುವ ರೀತಿ

ಮೈಸೂರಿನಲ್ಲಿ ನಾನು ಪ್ಲಂಬಿಂಗ್ ಕೆಲಸ ಮಾಡುತ್ತೇನೆ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಲೈನ್ ಕಟ್ಟಿಕೊಂಡಿದೆ ಅಂತ ಫೋನ್ ಬಂದರೆ, ರಾಡಿಗೆ (ತುಂಡುಗಳನ್ನು ಜೋಡಿಸಿ ಪೈಪಿನೊಳಗೆ ಬಿಡುವ ಉದ್ದನೆ ಕಡ್ಡಿ) ಕೈ ಹಾಕುವ ಮೊದಲು ಎಲ್ಲ ಚೇಂಬರ್ (ಲೈನಿನ ನಡುವೆ ತೆರೆದು ನೋಡಲು ಇರುವ ಗುಂಡಿ) ಮುಚ್ಚಳ ತೆಗೆದು ನೋಡುತ್ತೇನೆ. ಒಂದು ತುಂಬಿದೆ, ಅದರ ಮುಂದಿನದು ಒಣಗಿದೆ ಅಂದರೆ ಕಟ್ಟಿರುವುದು ಆ ಎರಡರ ನಡುವೆ. ಎಲ್ಲವೂ ತುಂಬಿದ್ದರೆ ತೊಂದರೆ ಹೆಚ್ಚಾಗಿ ಗೇಟಿನಾಚೆ. ರಸ್ತೆ ಲೈನ್ ಆದರೆ ಅದು ಪಾಲಿಕೆಯ ಕೆಲಸ. ಒಂದೂ ತುಂಬಿಲ್ಲವೇ? ಹಾಗಾದರೆ ಮನೆಯೊಳಗೇ, ನಹಾನಿ ಟ್ರ್ಯಾಪಿನಲ್ಲಿ (ಬಚ್ಚಲ ನೆಲದಲ್ಲಿ ಜಾಲರಿಯ ಕೆಳಗಿರುವ ನೀರು ಹೋಗುವ ಬಟ್ಟಲು) ಕೂದಲೋ ಅಡುಗೆಮನೆ ಪೈಪಿನಲ್ಲಿ ಜಿಡ್ಡೋ ಇರುತ್ತದೆ. ಅದಕ್ಕೆ ರಬ್ಬರ್ ಪಂಪು, ತೆಳ್ಳನೆ ಸ್ಪ್ರಿಂಗು ಸಾಕು.

ರಾಡನ್ನು ಒಣಗಿದ ಚೇಂಬರ್‌ನಿಂದ ತುಂಬಿದ ಕಡೆಗೆ ಬಿಡುತ್ತೇನೆ. ಕೆಲವರು ತುಂಬಿದ ಕಡೆಯಿಂದಲೇ ತಳ್ಳುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ, ಕಸ ಮುಂದಕ್ಕೆ ಹೋಗಿ ಇನ್ನೊಂದು ಕಡೆ ಕೂರುತ್ತದೆ ಅಲ್ವಾ? ಒಣಗಿದ ಕಡೆಯಿಂದ, ಅಂದರೆ ಇಳಿಜಾರಿನ ಕೆಳಗಿನಿಂದ ಬಿಟ್ಟರೆ ಬಂದದ್ದನ್ನು ಅಲ್ಲೇ ಎತ್ತಿಬಿಡಬಹುದು. ಕಟ್ಟು ಬಿಟ್ಟಾಗ ನೀರು ಒಮ್ಮೆಗೇ ನುಗ್ಗುತ್ತದೆ, ಪಕ್ಕಕ್ಕೆ ನಿಂತಿರಬೇಕು. ರಾಡು ತಿರುಗಿಸುವುದು ಯಾವಾಗಲೂ ಬಲಕ್ಕೆ. ಎಡಕ್ಕೆ ತಿರುಗಿಸಿದರೆ ಜಾಯಿಂಟು ಬಿಚ್ಚಿಕೊಂಡು ಅರ್ಧ ರಾಡು ಒಳಗೇ ಉಳಿಯುತ್ತದೆ, ಆಮೇಲೆ ನೆಲ ಅಗೆಯಬೇಕಾಗುತ್ತದೆ. ಬಿದಿರಿನ ಸೀಳು ನೇರ ಲೈನಿಗೆ ಈಗಲೂ ಒಳ್ಳೆಯದೇ.

ಸರಸ್ವತಿಪುರಂ, ಜಯಲಕ್ಷ್ಮಿಪುರಂ ಕಡೆಯ ಹಳೇ ಮನೆಗಳಲ್ಲಿ ಜಾಸ್ತಿ ಕಾಡುವುದು ಬೇರು. ಅಲ್ಲಿ ಇನ್ನೂ ಮಣ್ಣಿನ ಸ್ಟೋನ್‌ವೇರ್ ಪೈಪು ಸಿಗುತ್ತದೆ, ಎರಡು ಮೂರು ಅಡಿಗೊಂದು ಜಾಯಿಂಟು. ಸಿಮೆಂಟು ಬಿರುಕು ಬಿಟ್ಟ ಕಡೆ ತೆಂಗಿನ ಬೇರೋ ಹೊಂಗೆಯ ಬೇರೋ ಒಳಗೆ ಹೊಕ್ಕು ಜಡೆಯ ಹಾಗೆ ಬೆಳೆಯುತ್ತದೆ. ಬಟ್ಟೆ ಚೂರು, ಪ್ಯಾಡು ಎಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತವೆ. ರಾಡಿನ ತುದಿಗೆ ಸುರುಳಿ ಸ್ಕ್ರೂ ಹಾಕಿ ತಿರುಗಿಸಿ, ಬೇರನ್ನು ಹಿಡಿದು ಎಳೆಯುತ್ತೇನೆ. ಆದರೆ ಬೇರು ಮತ್ತೆ ಬರುತ್ತದೆ. ಮನೆಯವರಿಗೆ ಇದನ್ನು ಮುಚ್ಚಿಡಬಾರದು. ಅಷ್ಟು ಉದ್ದವನ್ನು ಅಗೆದು 4 ಇಂಚಿನ ಪಿವಿಸಿ ಹಾಕಿ, 40 ಅಡಿಗೆ 1 ಅಡಿಯಷ್ಟು ಇಳಿಜಾರು ಕೊಟ್ಟರೆ ನೆಮ್ಮದಿ.

ಆಸಿಡ್ ಸುರಿದಿದ್ದೀರಾ ಅಂತ ಮೊದಲೇ ಕೇಳುತ್ತೇನೆ. ನಿಂತ ನೀರಿನಲ್ಲಿ ಆಸಿಡ್ ಇದ್ದರೆ ರಾಡು ಎಳೆದಾಗ ಮುಖಕ್ಕೆ ಸಿಡಿಯುತ್ತದೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರಂತೂ ಬಚ್ಚಲಿನಲ್ಲೇ ಕ್ಲೋರಿನ್ ಗ್ಯಾಸ್ ಏಳುತ್ತದೆ. ಇಷ್ಟೆಲ್ಲ ಮಾಡಿದರೂ ಬಟ್ಟೆ, ಬೇರು ಕರಗುವುದಿಲ್ಲ. ಸುಮ್ನೆ ದುಡ್ಡು ದಂಡ.

"ಸ್ವಲ್ಪ ಒಳಗಿಳಿದು ನೋಡಪ್ಪ" ಅನ್ನುವವರು ಈಗಲೂ ಇದ್ದಾರೆ. ಮ್ಯಾನ್‌ಹೋಲಿಗೂ ಸೆಪ್ಟಿಕ್ ಟ್ಯಾಂಕಿಗೂ ನಾನು ಇಳಿಯುವುದಿಲ್ಲ, ನನ್ನ ಹುಡುಗರನ್ನೂ ಇಳಿಸುವುದಿಲ್ಲ. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಕೂಗುವಷ್ಟರಲ್ಲಿ ಪ್ರಾಣ ಹೋಗಿರುತ್ತದೆ. ರಕ್ಷಣೆಯ ಸಾಮಾನಿಲ್ಲದೆ ಜನರನ್ನು ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ ಕೂಡ. ಅಂಥ ಕೆಲಸಕ್ಕೆ ಕೊಳಚೆ ಹೀರುವ ಸಕ್ಕಿಂಗ್ ಗಾಡಿಯೋ ಜೋರಾಗಿ ನೀರು ಚಿಮ್ಮಿಸಿ ಲೈನ್ ಬಿಡಿಸುವ ಜೆಟ್ಟಿಂಗ್ ಗಾಡಿಯೋ ಬರಲಿ. ಫೋನ್ ಮಾಡಿ ಕರೆಸಿ, ಅದು ಬರುವವರೆಗೂ ನಾನು ಅಲ್ಲೇ ಇರುತ್ತೇನೆ.