ಕೊಟ್ಟಿಗೆಯಲ್ಲಿ ಹುಟ್ಟಿದ ಗಿಟಾರು, ಬಿಡದೆ ಕಾಡಿದ ಗುಂಯ್

ನಮ್ಮ ಹಳೆಯ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಗೋದಲಿಯ ಮೇಲೆ ದಪ್ಪ ಹಲಗೆ ಹಾಸಿ ಕೆಲಸದ ಮೇಜು ಮಾಡಿಕೊಂಡಿದ್ದೇನೆ. ಹಗಲು ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು, ರಾತ್ರಿ ಊಟವಾದ ಮೇಲೆ ಇಲ್ಲಿ ಬಂದು ಮರ ಕೊರೆಯುವುದು, ಬೆಸುಗೆ ಹಾಕುವುದು. ಇದುವರೆಗೆ ಐದು ಎಲೆಕ್ಟ್ರಿಕ್ ಗಿಟಾರು, ಎರಡು ಆಂಪ್ಲಿಫೈಯರ್ ಆಗಿವೆ. ಮೊದಲನೆಯ ಗಿಟಾರಿನ ಮತ್ತು ಮೊದಲನೆಯ ಆಂಪ್ಲಿಫೈಯರಿನ ಕಥೆಯನ್ನಷ್ಟೇ ಬರೆಯುತ್ತೇನೆ. ಆಮೇಲಿನವು ಸುಸೂತ್ರವಾಗಿ ಆದವು, ಹಾಗಾಗಿ ಅವುಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಮರ ಮನೆಯದೇ. ಒಂದು ಮಳೆಗಾಲದಲ್ಲಿ ಗಾಳಿಗೆ ಉರುಳಿದ ಹಲಸಿನ ಮರವನ್ನು ಸಾಮಿಲ್ಲಿನಲ್ಲಿ ಸೀಳಿಸಿ ಅಟ್ಟಕ್ಕೆ ಏರಿಸಿದ್ದೆವು. ಅಡುಗೆಮನೆಯ ಹೊಗೆ ಕುಡಿಯುತ್ತಾ ಒಂಬತ್ತು ವರ್ಷ ಅಲ್ಲೇ ಇತ್ತು. ಯಾವ ಮರಕ್ಕೆ ಎಂಥ ನಾದ ಎಂದು ಗಿಟಾರಿನವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಾನು ಹಲಸನ್ನು ಆರಿಸಿದ್ದು ಅದು ಚೆನ್ನಾಗಿ ಒಣಗಿತ್ತು, ದುಡ್ಡು ಕೊಡಬೇಕಾಗಿರಲಿಲ್ಲ ಎಂಬ ಕಾರಣಕ್ಕೆ. ಗಟ್ಟಿ ಹಲಗೆಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರದ ಜಾತಿಗಿಂತ ಪಿಕಪ್ಪನ್ನು (ತಂತಿಯ ಕಂಪನವನ್ನು ಕರೆಂಟಾಗಿಸುವ ಸುರುಳಿ) ಬ್ರಿಜ್ಜಿನಿಂದ (ಹಲಗೆಯ ಮೇಲೆ ತಂತಿಗೆ ಆಸರೆಯಾಗುವ ಭಾಗ) ಎಷ್ಟು ದೂರ ಕೂರಿಸಿದ್ದೇವೆ ಎನ್ನುವುದೇ ಹೆಚ್ಚು ಕೇಳಿಸುತ್ತದೆ ಎಂಬುದು ಐದು ಗಿಟಾರುಗಳ ನಂತರ ನನ್ನ ಕಿವಿ ಕೊಟ್ಟಿರುವ ತೀರ್ಪು. ಒಪ್ಪದವರು ಒಪ್ಪಬೇಕಾಗಿಲ್ಲ.

ಹಲಗೆಯನ್ನು 44 ಮಿಲಿಮೀಟರ್ ದಪ್ಪಕ್ಕೆ ಹತ್ತರಿ ಹೊಡೆದುಕೊಟ್ಟ ಆಚಾರರು ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಇದರಲ್ಲಿ ವೀಣೆ ಮಾಡಬಹುದಿತ್ತಲ್ಲ ಭಟ್ಟರೇ" ಎಂದರು.

"ವೀಣೆ ನನ್ನ ಕೈಯಲ್ಲಿ ಆಗುವುದಿಲ್ಲ ಆಚಾರರೇ."

"ಇದು ಆಗುತ್ತದೆಯೋ?"

ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದಕ್ಕೇ ಅತ್ಯಂತ ಸರಳವಾದ ಮಾದರಿ ಹಿಡಿದೆ. ಅಮೆರಿಕದ ಫುಲರ್ಟನ್ನಿನಲ್ಲಿ ಲಿಯೋ ಫೆಂಡರ್ 1950ರ ಹೊತ್ತಿಗೆ ಹೊರತಂದ, ಆಮೇಲೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರು ಅದು. ಉಬ್ಬುತಗ್ಗಿಲ್ಲದ ಚಪ್ಪಟೆ ಹಲಗೆ, ಅದಕ್ಕೆ ನಾಲ್ಕು ಸ್ಕ್ರೂಗಳಲ್ಲಿ ಬಿಗಿದ ನೆಕ್, ಅಂದರೆ ಬೆರಳಾಡಿಸುವ ಉದ್ದನೆಯ ಕತ್ತು. ಕೆಟ್ಟರೆ ಬಿಚ್ಚು, ಬೇರೆಯದನ್ನು ಹಾಕು. ಫೆಂಡರ್ ಮೂಲತಃ ರೇಡಿಯೋ ರಿಪೇರಿ ಅಂಗಡಿಯವರು, ಗಿಟಾರು ನುಡಿಸಲು ಅವರಿಗೆ ಬರುತ್ತಿರಲಿಲ್ಲ. ನನಗೂ ಸುಮಾರಾಗಿ ಅಷ್ಟೇ ಬರುವುದರಿಂದ ಈ ಸಂಗತಿ ಧೈರ್ಯ ಕೊಟ್ಟಿತು.

ನೆಕ್ಕನ್ನು ಮಾತ್ರ ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳ ಸಮೇತ ಸಿದ್ಧವಾಗಿಯೇ ತರಿಸಿಕೊಂಡೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಸ್ವರ ತಪ್ಪಿದರೆ ಮೇಣ ಎಬ್ಬಿಸಿ, ಕಿವಿಗೆ ಸರಿಕಂಡಲ್ಲಿ ಮತ್ತೆ ಕೂರಿಸಬಹುದು. ಗಿಟಾರಿನ ಫ್ರೆಟ್ ಹಾಗಲ್ಲ, ಗರಗಸದ ಗೆರೆ ಒಮ್ಮೆ ಬಿತ್ತೆಂದರೆ ಬಿತ್ತು. ತಂತಿಯ ಉದ್ದ 648 ಮಿಲಿಮೀಟರ್ ಎಂದುಕೊಂಡರೆ ಅದನ್ನು 17.817ರಿಂದ ಭಾಗಿಸಿದಾಗ ಮೊದಲ ಫ್ರೆಟ್ಟಿನ ಜಾಗ ಸಿಗುತ್ತದೆ, 36.37. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬರುತ್ತದೆ. ಲೆಕ್ಕ ನನ್ನ ಹೊಟ್ಟೆಪಾಡು. ಲೆಕ್ಕದಲ್ಲಿ ತಪ್ಪಲಿಲ್ಲ.

ತಪ್ಪಿದ್ದು ಅಳತೆಪಟ್ಟಿ ಹಿಡಿದ ಜಾಗದಲ್ಲಿ. ಬ್ರಿಜ್ಜಿಗೆ ರಂಧ್ರ ಕೊರೆಯುವ ಮೊದಲು ಮೂರು ಸಲ ಅಳೆದೆ, ಮೂರು ಸಲವೂ 648 ಬಂತು. ತಂತಿ ಕಟ್ಟಿ ಶ್ರುತಿ ಮಾಡಿದರೆ ಬಿಟ್ಟ ತಂತಿ ಸರಿ, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ಸ್ವರ ಏರುತ್ತಿತ್ತು. ತಂತಿ ಕೂರುವ ಸ್ಯಾಡಲನ್ನು ಸ್ಕ್ರೂ ತಿರುಗಿಸಿ ಹಿಂದೆ ಎಳೆಯುತ್ತಾ ಹೋದೆ. ದಪ್ಪ ತಂತಿಗಳಿಗೆ ಸ್ಕ್ರೂ ಮುಗಿದರೂ ಸ್ವರ ಇಳಿಯಲಿಲ್ಲ. ಎರಡು ರಾತ್ರಿ ನೆಕ್ಕನ್ನೂ, ತಂತಿಯನ್ನೂ, ಮಾರಿದವರನ್ನೂ ಬೈದುಕೊಂಡೆ. ಮೂರನೆಯ ರಾತ್ರಿ ಕಣ್ಣಿಗೆ ಬಿತ್ತು: ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ನಟ್ ಎಂಬ ಬಿಳಿಯ ಪಟ್ಟಿ ಇರುತ್ತದಲ್ಲ, ಟೇಪಿನ ಕೊಕ್ಕೆಯನ್ನು ನಾನು ಅದರ ಹಿಂಬದಿಗೆ ಸಿಕ್ಕಿಸಿದ್ದೆ. ತಂತಿ ಕಂಪಿಸುವುದು ಅದರ ಮುಂಬದಿಯ ಅಂಚಿನಿಂದ. ನಟ್ಟಿನ ದಪ್ಪ ಮೂರೂವರೆ ಮಿಲಿಮೀಟರ್, ಅಷ್ಟೂ ತಪ್ಪು. ಅದರ ಮೇಲೆ ದಪ್ಪ ತಂತಿಗೆ ಎರಡು ಮೂರು ಮಿಲಿಮೀಟರ್ ಹೆಚ್ಚು ಉದ್ದ ಕೊಡಬೇಕಾದದ್ದು ಬೇರೆ. ಹಲಸಿನ ಚೂರಿನಿಂದಲೇ ಗೂಟ ಕೆತ್ತಿ, ಹಳೆಯ ರಂಧ್ರಗಳಿಗೆ ಅಂಟು ಹಾಕಿ ಬಡಿದು, ಮತ್ತೆ ಕೊರೆದೆ. ಬ್ರಿಜ್ಜಿನ ತಗಡಿನ ಅಡಿಯಲ್ಲಿ ಆ ಗೂಟಗಳು ಈಗಲೂ ಇವೆ.

ಇನ್ನೊಂದು ತಪ್ಪು ಇದಕ್ಕಿಂತ ಚೆಂದದ್ದು. ಪಿಕಪ್ಪನ್ನೂ ನಾನೇ ಸುತ್ತಬೇಕೆಂಬ ಹಟ ಹಿಡಿಯಿತು. ಪಿಕಪ್ ಎಂದರೆ ಆರು ಕಡ್ಡಿ ಆಯಸ್ಕಾಂತಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುಮಾರು 8,000 ಸುತ್ತು. ಓದಿದ ಕಡೆಯೆಲ್ಲ 42 ಗೇಜ್ ತಂತಿ ಎಂದಿತ್ತು. ಶಿವಮೊಗ್ಗದ ಮೋಟರ್ ವೈಂಡಿಂಗ್ ಅಂಗಡಿಯೊಂದಕ್ಕೆ ಹೋಗಿ 42 ಗೇಜ್ ಕೊಡಿ ಎಂದೆ.

"ಯಾವ ಮೋಟರಿಗೆ ಸಾರ್?"

"ಮೋಟರಿಗಲ್ಲ, ಗಿಟಾರಿಗೆ."

ಅಂಗಡಿಯವರು ನನ್ನ ಮುಖ ನೋಡಿದರು, ತಕ್ಕಡಿ ನೋಡಿದರು, ತೂಗಿ ಕೊಟ್ಟರು. ಹೊಲಿಗೆ ಯಂತ್ರದ ಮೋಟರಿಗೆ ಬಾಬಿನ್ ಸಿಕ್ಕಿಸಿದೆ. ಸುತ್ತು ಎಣಿಸಲು ಹಳೆಯ ಕ್ಯಾಲ್ಕುಲೇಟರ್ ಬಿಚ್ಚಿ, ಅದರ ಸಮ ಚಿಹ್ನೆಯ ಗುಂಡಿಗೆ ಆಯಸ್ಕಾಂತ ಹತ್ತಿರ ಬಂದರೆ ಒತ್ತಿಕೊಳ್ಳುವ ರೀಡ್ ಸ್ವಿಚ್ ಜೋಡಿಸಿ, ತಿರುಗುವ ಚಕ್ರಕ್ಕೆ ಪುಟ್ಟ ಆಯಸ್ಕಾಂತ ಅಂಟಿಸಿದೆ. ಒಂದಕ್ಕೆ ಒಂದು ಕೂಡಿಸಿ ಬಿಟ್ಟರೆ ಪ್ರತಿ ಸುತ್ತಿಗೂ ಅಂಕಿ ಏರುತ್ತದೆ. ಈ ಉಪಾಯ ಬಲು ಚೆನ್ನಾಗಿ ಕೆಲಸ ಮಾಡಿತು. ಆದರೆ 3,000 ದಾಟುತ್ತಿದ್ದಂತೆ ಬಾಬಿನ್ ತುಂಬಿಹೋಯಿತು. ಮೀಟರ್ ಹಿಡಿದರೆ 900 ಓಮ್ ಕೂಡ ಇಲ್ಲ. ಬರಬೇಕಾದದ್ದು 6,000ದ ಹತ್ತಿರ.

ಕಾರಣ ಇಷ್ಟೇ. ಪಿಕಪ್ಪಿನವರು ಹೇಳುವ 42 ಅಮೆರಿಕದ ಗೇಜ್, ತಂತಿಯ ದಪ್ಪ 0.063 ಮಿಲಿಮೀಟರ್. ನಮ್ಮ ವೈಂಡಿಂಗ್ ಅಂಗಡಿಗಳು ಬಳಸುವುದು ಬ್ರಿಟಿಷರು ಬಿಟ್ಟುಹೋದ ಎಸ್‌ಡಬ್ಲ್ಯುಜಿ ಗೇಜ್, ಅದರಲ್ಲಿ 42 ಎಂದರೆ 0.1 ಮಿಲಿಮೀಟರ್. ನಾನು ಕೇಳಬೇಕಾಗಿದ್ದದ್ದು 46. ಅಂಗಡಿಯವರದು ಏನೂ ತಪ್ಪಿಲ್ಲ, ಕೇಳಿದ್ದನ್ನೇ ಕೊಟ್ಟಿದ್ದರು. ಈಗ ಗೇಜ್ ಹೆಸರೇ ಎತ್ತುವುದಿಲ್ಲ, ಮಿಲಿಮೀಟರಿನಲ್ಲಿ ಕೇಳಿ, ಮೈಕ್ರೋಮೀಟರ್ ಹಿಡಿದು ನೋಡಿ ತರುತ್ತೇನೆ. 46 ಗೇಜಿನ ತಂತಿ ಉಸಿರು ಬಿಟ್ಟರೆ ತುಂಡಾಗುತ್ತದೆ. ನಾಲ್ಕು ಸಲ ತುಂಡಾಗಿ ಐದನೆಯ ಸಲ 7,800 ಸುತ್ತು ಬಂತು. ಆಮೇಲೆ ಕರಗಿದ ಮೇಣದಲ್ಲಿ ಅದ್ದಿ ತೆಗೆದೆ, ಇಲ್ಲದಿದ್ದರೆ ಸುತ್ತುಗಳು ಒಳಗೇ ಅಲುಗಾಡಿ ಜೋರು ದನಿಯಲ್ಲಿ ಕೀರಲು ಹಿಡಿಯುತ್ತವೆ. ಫ್ರೆಂಚ್ ಪಾಲಿಶ್ ಹಚ್ಚಿದ್ದು ಜುಲೈ ತಿಂಗಳಲ್ಲಿ. ಮಲೆನಾಡಿನ ಥಂಡಿಗೆ ಅದು ಮಜ್ಜಿಗೆಯಂತೆ ಬೆಳ್ಳಗಾಯಿತು. ಅದನ್ನೆಲ್ಲ ಒರೆಸಿ ದಸರೆ ಕಳೆದ ಮೇಲೆ ಮತ್ತೆ ಹಚ್ಚಿದೆ.

ಇನ್ನು ಆಂಪ್ಲಿಫೈಯರ್. ಸಾಗರದ ಗುಜರಿಯಲ್ಲಿ ಎರಡು ವಾಲ್ವ್ ರೇಡಿಯೋ, ಅಂದರೆ ಟ್ರಾನ್ಸಿಸ್ಟರಿಗಿಂತ ಹಿಂದಿನ ಕಾಲದ ಗಾಜಿನ ಕೊಳವೆಗಳಿರುವಂಥವು, ಸಿಕ್ಕಿದ್ದವು. ಊರಿನ ಹಳೆಯ ರೇಡಿಯೋ ರಿಪೇರಿ ರಾಯರನ್ನು ಕರೆದೊಯ್ದಿದ್ದೆ. ಅವರು ಮೊದಲ ಪೆಟ್ಟಿಗೆಯ ಹಿಂಬದಿಯ ರಟ್ಟು ಸರಿಸಿ, ಟಾರ್ಚ್ ಬಿಟ್ಟು, ಒಂದೇ ಮಾತಿನಲ್ಲಿ ಬೇಡ ಎಂದರು.

"ಯಾಕೆ ರಾಯರೇ? ಪೆಟ್ಟಿಗೆ ಇದರದ್ದೇ ಚೆನ್ನಾಗಿದೆ."

"ವಾಲ್ವಿನ ಹೆಸರು ಓದು ಮಾರಾಯ. ಯುಎಲ್84. ಯು ಅಕ್ಷರ ಕಂಡರೆ ಕೈ ಹಾಕಬೇಡ."

ಯು ಸಾಲಿನ ವಾಲ್ವ್ ಇರುವ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಕರೆಂಟನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ ಪ್ಲಗ್ಗಿನ ಎರಡು ತಂತಿಗಳಲ್ಲಿ ಒಂದು ನೇರವಾಗಿ ಒಳಗಿನ ಲೋಹದ ಚಾಸಿಗೆ ಬರುತ್ತದೆ. ರೇಡಿಯೋ ಆಗಿದ್ದಾಗ ಸುತ್ತ ಮರದ ಪೆಟ್ಟಿಗೆ, ಬೇಕಲೈಟಿನ ಗುಬುಟು, ಹಾಗಾಗಿ ಯಾರೂ ಅದನ್ನು ಮುಟ್ಟುವುದಿಲ್ಲ. ಗಿಟಾರು ಸಿಕ್ಕಿಸಿದರೆ ಚಾಸಿ, ಕೇಬಲ್, ಬ್ರಿಜ್, ತಂತಿ ಎಲ್ಲವೂ ಒಂದೇ ಆಗುತ್ತವೆ. ಪ್ಲಗ್ ತಿರುಗುಮುರುಗಾದರೆ 230 ವೋಲ್ಟ್ ಬೆರಳ ತುದಿಯಲ್ಲಿ. ಈ ಕೆಲಸಕ್ಕೆ ಇಳಿಯುವವರು ಬೇರೆಲ್ಲ ಮರೆತರೂ ಈ ಯು ಅಕ್ಷರವನ್ನು ಮರೆಯಬಾರದು.

ಎರಡನೆಯ ರೇಡಿಯೋದಲ್ಲಿ ಟ್ರಾನ್ಸ್‌ಫಾರ್ಮರ್ ಇತ್ತು, ಇಲಿಯ ಗೂಡೂ ಇತ್ತು. ಕಡೆಯ ವಾಲ್ವಿನ ಗಾಜಿನ ಮೇಲೆ ಮಾಸಿದ ಅಕ್ಷರಗಳಲ್ಲಿ ಬಿಇಎಲ್, ಇಎಲ್84 ಎಂದು ಓದಿದಾಗ ರಾಯರ ಮುಖ ಅರಳಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲದಲ್ಲಿ ಇವನ್ನು ತಯಾರಿಸುತ್ತಿತ್ತು. ಒಂದು ಇಎಲ್84 ಐದು ವ್ಯಾಟ್ ಆಸುಪಾಸು ಕೊಡುತ್ತದೆ. ಐದು ವ್ಯಾಟ್ ಎಂದರೆ ಕಡಿಮೆ ಎಂದುಕೊಳ್ಳಬೇಡಿ, ಪಕ್ಕದ ಮನೆಯವರು ಕಡಿಮೆ ಎನ್ನಲಿಲ್ಲ.

ಕೆಲಸದ ಕ್ರಮ ರಾಯರು ಹೇಳಿದ್ದೇ. ಎರಡು ಎಳೆಯ ಹಳೆಯ ವೈರ್ ಕಿತ್ತು ಮೂರು ಪಿನ್ನಿನದನ್ನು ಹಾಕಿ, ಅರ್ಥ್ ತಂತಿಯನ್ನು ಚಾಸಿಗೆ ಬೋಲ್ಟಿನಲ್ಲಿ ಬಿಗಿದು, ಫ್ಯೂಸ್ ಸೇರಿಸಿದೆ. ನೇರವಾಗಿ ಪ್ಲಗ್ಗಿಗೆ ಕೊಡದೆ 60 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿಟ್ಟು ಹಚ್ಚಿದೆ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಝಗ್ಗನೆ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್. ಆರಿಸಿದ ಮೇಲೂ ಕರೆಂಟ್ ಕೂಡಿಡುವ ಕಂಡೆನ್ಸರುಗಳಲ್ಲಿ 250, 300 ವೋಲ್ಟ್ ಕುಳಿತಿರುತ್ತದೆ. ಕ್ಲಿಪ್ ಹಚ್ಚಿದ ಹತ್ತು ಸಾವಿರ ಓಮಿನ ರೆಸಿಸ್ಟರಿನಿಂದ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಒಳಗೆ. ಹಚ್ಚಿಟ್ಟು ಅಳೆಯುವಾಗ ಎಡಗೈ ಜೇಬಿನಲ್ಲಿ.

ನಿಲ್ದಾಣ ಹಿಡಿಯುವ ಭಾಗಕ್ಕೆ ಇನ್ನು ಕೆಲಸವಿಲ್ಲ. ಇಸಿಎಚ್81, ಇಬಿಎಫ್89, ಇಎಬಿಸಿ80 ಎಂಬ ಮೂರು ವಾಲ್ವುಗಳನ್ನೂ ತೆಗೆದೆ. ಅವುಗಳನ್ನು ಒಳಗಿನಿಂದ ಕಾಯಿಸುವ ಹೀಟರುಗಳು ಎಳೆಯುತ್ತಿದ್ದ ಒಂದು ಆಂಪಿಯರಿಗೂ ಮಿಕ್ಕ ಕರೆಂಟ್ ಉಳಿಯಿತು. ಅದರಲ್ಲಿ ಬರೀ 0.3 ಆಂಪಿಯರ್ ಬೇಡುವ ಇಸಿಸಿ83 ಒಂದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದು ಕೂರಿಸಿದೆ. ಬದಲಾಯಿಸದೆ ಉಳಿಸಿದ ಒಂದೇ ಒಂದು ಹಳೆಯ ಕಾಗದದ ಕಂಡೆನ್ಸರ್ ಅಂದೇ ಪಾಠ ಕಲಿಸಿತು. ಹಚ್ಚಿದ ಎರಡು ನಿಮಿಷಕ್ಕೆ ಇಎಲ್84ರ ಒಳಗಿನ ತಗಡು ಕೆಂಡದ ಬಣ್ಣಕ್ಕೆ ತಿರುಗಿತು. ಅದರ ಗ್ರಿಡ್ಡಿನಲ್ಲಿ (ನಾದದ ಸಂಕೇತ ಒಳಹೋಗುವ ಕಾಲು) ಸೊನ್ನೆ ಇರಬೇಕಾದಲ್ಲಿ ಒಂಬತ್ತು ವೋಲ್ಟ್, ಕ್ಯಾಥೋಡಿನಲ್ಲಿ (ಎಲೆಕ್ಟ್ರಾನ್ ಹೊಮ್ಮುವ ಭಾಗ) ಏಳಿರಬೇಕಾದಲ್ಲಿ ಹದಿಮೂರು. ಕಂಡೆನ್ಸರ್ ಸೋರುತ್ತಿತ್ತು. ಹೊಸದು ಹಾಕಿದೆ, ವಾಲ್ವ್ ಪುಣ್ಯಕ್ಕೆ ಬದುಕಿತು.

ಗಿಟಾರು ಸಿಕ್ಕಿಸಿದೆ. ನಾದ ಬಂತು, ಅದರ ಹಿಂದೆಯೇ ಗುಂಯ್ ಎಂದು ಇನ್ನೊಂದು ಸದ್ದು. ತಂತಿಗೆ ಕೈ ತಾಗಿಸಿದಾಗ ತಗ್ಗಿದರೆ ಅದು ಗಿಟಾರಿನದು, ಒಳಗುಳಿಗೆ ತಾಮ್ರದ ಹಾಳೆ ಹಚ್ಚಿದರೆ ಮುಕ್ಕಾಲು ಪಾಲು ಹೋಗುತ್ತದೆ. ನನ್ನದು ತಗ್ಗಲಿಲ್ಲ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗಲಿಲ್ಲ. ಗುಂಯ್‌ಗೂ ಶ್ರುತಿ ಇದೆ ಎಂದು ತಿಳಿದದ್ದು ಆಗಲೇ. ನಮ್ಮ ಕರೆಂಟ್ 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಅಲೆ 100 ಹರ್ಟ್ಸ್, ಅಂದರೆ ಗಿಟಾರಿನ ಅತಿ ದಪ್ಪ ತಂತಿಯ ಮೂರನೆಯ ಫ್ರೆಟ್ಟಿಗಿಂತ ಕೂದಲಷ್ಟು ಮೇಲೆ. ಹೀಟರಿನಿಂದ ಬರುವುದು ಅದಕ್ಕಿಂತ ಒಂದು ಸ್ಥಾಯಿ ಕೆಳಗೆ. ಮೂರನೆಯ ಫ್ರೆಟ್ ಮೀಟಿ ಹೋಲಿಸಿದೆ. ನನ್ನ ಪೆಟ್ಟಿಗೆಯಲ್ಲಿ ಎರಡೂ ಇದ್ದವು. ಫಿಲ್ಟರ್ ಕಂಡೆನ್ಸರ್ ಬದಲಿಸಿದ ಮೇಲೆ ಮೇಲಿನದು ಹೋಯಿತು. ಕೆಳಗಿನದು ಕೂತೇ ಇತ್ತು.

ರೇಡಿಯೋ ಕಟ್ಟಿದವರು ತಂತಿ ಉಳಿಸಲು ಹೀಟರಿನ ಒಂದು ಬದಿಗೆ ಚಾಸಿಯನ್ನೇ ಬಳಸಿದ್ದರು. ಅದನ್ನು ಬಿಡಿಸಿ, ಎರಡು ವೈರುಗಳನ್ನು ಜಡೆಯಂತೆ ಹೆಣೆದು ವಾಲ್ವಿನಿಂದ ವಾಲ್ವಿಗೆ ಎಳೆದೆ. ಪ್ರತಿ ಬದಿಯಿಂದ ಚಾಸಿಗೆ 100 ಓಮಿನ ಒಂದೊಂದು ರೆಸಿಸ್ಟರ್ ಕೊಟ್ಟೆ, ಆಗ ಎರಡೂ ಬದಿ ಸಮತೂಗಿ ಗುಂಯ್ ಪರಸ್ಪರ ಅಳಿಯಬೇಕು. ಅಳಿಯಲಿಲ್ಲ. ಒಂದು ವಾರ ವೈರುಗಳನ್ನು ಅತ್ತಿತ್ತ ಸರಿಸುತ್ತಾ ಕಳೆದೆ.

ಒಂದು ರಾತ್ರಿ ಬೇಸತ್ತು ಆರಿಸಿ, ಕಂಡೆನ್ಸರ್ ಖಾಲಿ ಮಾಡಿ, ಸುಮ್ಮನೆ ಆ ರೆಸಿಸ್ಟರುಗಳನ್ನು ಮುಟ್ಟಿದೆ. ಒಂದು ತಣ್ಣಗೆ, ಇನ್ನೊಂದು ಬೆರಳು ಇಡಲಾಗದಷ್ಟು ಬಿಸಿ. ಎರಡೂ ಸಮವಾಗಿ ಹಂಚಿಕೊಳ್ಳಬೇಕಾದ 6.3 ವೋಲ್ಟನ್ನು ಒಂದೇ ಹೊರುತ್ತಿದೆ ಎಂದರೆ ಇನ್ನೊಂದು ಬದಿ ಎಲ್ಲೋ ಚಾಸಿಗೆ ತಾಗಿಯೇ ಇದೆ ಎಂದರ್ಥ. ವೈರ್ ಹಿಡಿದು ಹೊರಟರೆ ಅದು ಮುಂಭಾಗದ ಡಯಲ್ ದೀಪಕ್ಕೆ ಹೋಯಿತು. ಅಂದಕ್ಕೆಂದು ಉಳಿಸಿಕೊಂಡಿದ್ದ ಪುಟ್ಟ ಬಲ್ಬ್, ಅದರ ತಗಡಿನ ಹೋಲ್ಡರ್ ನೇರವಾಗಿ ಚಾಸಿಗೆ ರಿವೆಟ್ ಹೊಡೆದದ್ದು.

ಹೋಲ್ಡರಿನ ರಿವೆಟ್ ಕೊರೆದು ತೆಗೆದು, ಅಡಿಗೆ ಒಂದು ಫೈಬರ್ ವಾಷರ್ ಕೊಟ್ಟು, ಪ್ಲಾಸ್ಟಿಕ್ ಬುಷ್ ಹಾಕಿ ಮತ್ತೆ ಬಿಗಿದೆ. ಹಚ್ಚಿದಾಗ ಮೊದಲಿಗೆ ಏನೂ ಕೇಳಿಸಲಿಲ್ಲ, ವಾಲ್ವ್ ಕಾಯಲು ಅರ್ಧ ನಿಮಿಷ ಬೇಕು. ಅರ್ಧ ನಿಮಿಷದ ನಂತರವೂ ಏನೂ ಕೇಳಿಸಲಿಲ್ಲ. ಕೆಟ್ಟುಹೋಯಿತೆಂದುಕೊಂಡು ತಂತಿಯೊಂದನ್ನು ಮೀಟಿದೆ. ಕೊಟ್ಟಿಗೆಯ ಹಂಚು ಅದುರುವಂತೆ ಸದ್ದು ಬಂದು, ಒಳಗಿನಿಂದ ಅಮ್ಮ "ಗಂಟೆ ಎಷ್ಟಾಯಿತು ಗೊತ್ತುಂಟೋ?" ಎಂದು ಕೂಗಿದರು. ಹನ್ನೊಂದೂಮುಕ್ಕಾಲು ಆಗಿತ್ತು.